ಮನೆಯಂಗಳಕ್ಕೆ ಒಗ್ಗುವ ಹುಲ್ಲನ್ನು ಆರಿಸುವುದು ಹೇಗೆ

ನೆಟ್ಟು ಎರಡು ವರ್ಷ ತುಂಬುವ ಮೊದಲೇ ಹಳದಿಗಟ್ಟಿ, ಅಲ್ಲಲ್ಲಿ ಮಣ್ಣು ಕಾಣಿಸುವ ಹುಲ್ಲುಹಾಸುಗಳನ್ನು ಗಮನವಿಟ್ಟು ನೋಡಿದರೆ, ಹೆಚ್ಚಿನ ಕಡೆ ತೊಡಕು ಶುರುವಾಗಿರುವುದು ಹುಲ್ಲನ್ನು ಆರಿಸಿದ ದಿನವೇ ಎಂಬುದು ಗೊತ್ತಾಗುತ್ತದೆ. ನರ್ಸರಿಯ ಬಯಲು ಬಿಸಿಲಿನಲ್ಲಿ ಹಚ್ಚಗೆ ಬೆಳೆದಿದ್ದ ಹುಲ್ಲನ್ನು ಮೆಚ್ಚಿ, ಅದನ್ನೇ ತಂದು ಎತ್ತರದ ಗೋಡೆಯ ನೆರಳಿನಲ್ಲಿ ನೆಟ್ಟರೆ, ಎಷ್ಟೇ ನೀರು ಹಾಯಿಸಿದರೂ ಎಷ್ಟೇ ಗೊಬ್ಬರ ಕೊಟ್ಟರೂ ಅದು ಅಲ್ಲಿ ಬೆಳೆದಂತೆ ಇಲ್ಲಿ ಬೆಳೆಯಲಾರದು. ಆದ್ದರಿಂದ ಹುಲ್ಲಿನ ಹೆಸರುಗಳಿಗೆ ಬರುವ ಮುನ್ನ ಅಂಗಳವನ್ನು ಅಳೆದು ತಿಳಿಯುವ ಕೆಲಸಕ್ಕೆ ಈ ಲೇಖನದಲ್ಲಿ ಸಾಕಷ್ಟು ಜಾಗ ಕೊಟ್ಟಿದ್ದೇನೆ. ಬಿಸಿಲು, ಹವೆ, ಮಣ್ಣು, ನೀರು, ಬಳಕೆ, ನಿಮ್ಮ ಬಿಡುವು ಎಂಬ ಇದೇ ಕ್ರಮದಲ್ಲಿ ಒಂದೊಂದನ್ನೇ ಪರಿಶೀಲಿಸುತ್ತಾ, ಒಗ್ಗದ ಹುಲ್ಲುಗಳನ್ನು ಪಟ್ಟಿಯಿಂದ ಕೈಬಿಡುತ್ತಾ ಹೋದರೆ, ಕೊನೆಗೆ ಎರಡೋ ಮೂರೋ ಹೆಸರುಗಳು ಮಾತ್ರ ಉಳಿಯುತ್ತವೆ. ಯಾವುದು ಚೆಂದ ಎಂಬ ಪ್ರಶ್ನೆಯನ್ನು ಆಗ ಎತ್ತಿಕೊಂಡರೆ ಸಾಕು.

ಮೊದಲ ಹೆಜ್ಜೆ: ಬಿಸಿಲಿನ ಲೆಕ್ಕ

ನೀರು ಕಡಿಮೆಯಾದರೆ ಹಾಯಿಸಬಹುದು, ಮಣ್ಣು ಕೆಟ್ಟದ್ದಾದರೆ ಬದಲಿಸಬಹುದು, ಆದರೆ ಬಿಸಿಲನ್ನು ತಂದು ಸುರಿಯಲಾಗದು. ಹೀಗಾಗಿ ಎಲ್ಲಕ್ಕಿಂತ ಮೊದಲು ಅಳೆಯಬೇಕಾದದ್ದು ಬಿಸಿಲನ್ನೇ. ಒಂದು ಹಾಳೆಯ ಮೇಲೆ ಅಂಗಳದ ನಕ್ಷೆಯನ್ನು ಸ್ಥೂಲವಾಗಿ ಬರೆದುಕೊಳ್ಳಿ. ಮೋಡವಿಲ್ಲದ ಒಂದು ದಿನ ಬೆಳಿಗ್ಗೆ 8 ಗಂಟೆಯಿಂದ ಸಂಜೆ 5 ಗಂಟೆಯವರೆಗೆ, ತಾಸಿಗೊಮ್ಮೆ ಹೊರಗೆ ಹೋಗಿ ನೆರಳಿನ ಅಂಚು ಎಲ್ಲಿದೆ ಎಂಬುದನ್ನು ಗೆರೆ ಎಳೆದು ಗುರುತಿಸಿ. ದಿನದ ಕೊನೆಗೆ ಅಂಗಳದ ಯಾವ ಭಾಗಕ್ಕೆ ನೇರ ಬಿಸಿಲು ಎಷ್ಟು ತಾಸು ಬೀಳುತ್ತದೆ ಎಂಬುದು ಆ ಹಾಳೆಯಲ್ಲಿ ಸ್ಪಷ್ಟವಾಗಿರುತ್ತದೆ. ಸೂರ್ಯನ ದಾರಿ ಋತುವಿನೊಂದಿಗೆ ಓರೆಯಾಗುವುದರಿಂದ, ಸಾಧ್ಯವಾದರೆ ಇದೇ ಕೆಲಸವನ್ನು ಬೇರೊಂದು ಋತುವಿನಲ್ಲಿ ಮತ್ತೊಮ್ಮೆ ಮಾಡಿ ನೋಡುವುದು ಒಳ್ಳೆಯದು. ಬೇಸಿಗೆಯಲ್ಲಿ ಬೆಳಗುವ ಮೂಲೆ ಚಳಿಗಾಲದಲ್ಲಿ ಇಡೀ ದಿನ ಮಬ್ಬಾಗಿರಬಹುದು.

ಆರರಿಂದ ಎಂಟು ತಾಸು ನೇರ ಬಿಸಿಲು ಬೀಳುವ ಜಾಗದಲ್ಲಿ ಹವೆಗೆ ಒಗ್ಗುವ ಯಾವ ಹುಲ್ಲನ್ನಾದರೂ ಪರಿಗಣಿಸಬಹುದು. ನಾಲ್ಕರಿಂದ ಆರು ತಾಸಿನ ಜಾಗದಲ್ಲಿ ಗರಿಕೆಯ ಬಳಗ ಪಟ್ಟಿಯಿಂದ ಹೊರಬೀಳುತ್ತದೆ. ಮೂರು ತಾಸಿಗಿಂತ ಕಡಿಮೆ ಬಿಸಿಲು ಬೀಳುವ ಕಡೆ ಹುಲ್ಲಿನ ಆಸೆಯನ್ನು ಬಿಟ್ಟುಬಿಡುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಜರಿಗಿಡಗಳನ್ನೋ, ಹುಲ್ಲಿನಂತೆ ಕಂಡರೂ ಹುಲ್ಲಿನ ಕುಟುಂಬಕ್ಕೆ ಸೇರದ ಮೊಂಡೊ ಗಿಡವನ್ನೋ ನೆಡಬಹುದು, ಇಲ್ಲವೇ ಒಣಗಿದ ತೊಗಟೆಯ ಚೂರುಗಳನ್ನು ಹರಡಬಹುದು.

ನೆರಳಿನಲ್ಲೂ ಎರಡು ಬಗೆ ಇದೆ. ಗೋಡೆಯ ನೆರಳಿನಲ್ಲಿ ಬೆಳಕು ಕಡಿಮೆಯಾದರೂ ಆಕಾಶದಿಂದ ಚದುರಿ ಬರುವ ಬೆಳಕು ಪೂರ್ಣವಾಗಿರುತ್ತದೆ. ಮರದ ಕೆಳಗೆ ಬೀಳುವ ಬೆಳಕು ಎಲೆಗಳ ಮೂಲಕ ಸೋಸಿ ಬಂದದ್ದು; ಬೆಳವಣಿಗೆಗೆ ಬೇಕಾದ ಕೆಂಪು ಮತ್ತು ನೀಲಿ ಕಿರಣಗಳನ್ನು ಮರವೇ ಹೀರಿಕೊಂಡಿರುತ್ತದೆ. ಸಾಲದ್ದಕ್ಕೆ, ಮೇಲ್ಪದರದಲ್ಲಿ ಹರಡಿದ ಮರದ ಬೇರುಗಳು ಹುಲ್ಲಿನೊಂದಿಗೆ ನೀರಿಗೂ ಪೋಷಕಾಂಶಕ್ಕೂ ಪೈಪೋಟಿ ನಡೆಸುತ್ತವೆ. ಆದ್ದರಿಂದ ಗೋಡೆಯ ಬದಿಯಲ್ಲಿ ಬದುಕಿದ ಹುಲ್ಲು ಅಷ್ಟೇ ತಾಸಿನ ಬಿಸಿಲಿರುವ ಮರದಡಿಯಲ್ಲಿ ಬದುಕುತ್ತದೆಂದು ನಂಬುವಂತಿಲ್ಲ. ಮರದ ಕೆಳಗಿನ ಕೊಂಬೆಗಳನ್ನು ಸವರಿದರೆ ಬೆಳಕು ಎಷ್ಟು ಹೆಚ್ಚಾಗುತ್ತದೆ ಎಂಬುದನ್ನು ನೋಡಿ, ಆನಂತರವೇ ತಾಸುಗಳನ್ನು ಎಣಿಸಿ.

ನೆರಳು ಹೆಚ್ಚಾಯಿತೇ ಎಂದು ಈಗಾಗಲೇ ಇರುವ ಹುಲ್ಲನ್ನು ನೋಡಿಯೂ ಹೇಳಬಹುದು. ಒಂದು ಹಬ್ಬುಬಳ್ಳಿಯನ್ನು ಕಿತ್ತು ಅಂಗೈ ಮೇಲಿಟ್ಟು, ಬಯಲಿನಲ್ಲಿ ಬೆಳೆದ ಅದೇ ಹುಲ್ಲಿನ ಬಳ್ಳಿಯೊಂದನ್ನು ಪಕ್ಕದಲ್ಲಿಡಿ. ಬಿಸಿಲಿನದ್ದರಲ್ಲಿ ಗೆಣ್ಣುಗಳು ಒತ್ತೊತ್ತಾಗಿರುತ್ತವೆ, ಪ್ರತಿ ಗೆಣ್ಣಿನಿಂದಲೂ ಎಲೆಯ ಗೊಂಚಲು ಹೊಮ್ಮಿರುತ್ತದೆ. ನೆರಳಿನದ್ದರಲ್ಲಿ ಗೆಣ್ಣಿಂದ ಗೆಣ್ಣಿಗೆ ದೂರ ಹೆಚ್ಚು, ಕಾಂಡ ದಾರದಂತೆ ತೆಳುವು, ಎಲೆ ಅಗಲ ಕಿರಿದಾಗಿ ಬಣ್ಣ ನಸುಹಳದಿಗೆ ತಿರುಗಿರುತ್ತದೆ. ಬೆಳಕನ್ನು ಹುಡುಕಿಕೊಂಡು ಉದ್ದವಾಗಲು ಹುಲ್ಲು ತನ್ನ ದಾಸ್ತಾನನ್ನೆಲ್ಲ ಖರ್ಚು ಮಾಡುತ್ತಿದೆ ಎಂಬುದರ ಗುರುತು ಇದು. ಅಂಥ ಕಡೆ ಗೊಬ್ಬರ ಸುರಿದರೆ ಅದು ಇನ್ನಷ್ಟು ಬೇಗ ಸೋಲುತ್ತದೆ.

ಎರಡನೆಯ ಹೆಜ್ಜೆ: ಹವೆಗೆ ತಕ್ಕ ಬಳಗ

ಹುಲ್ಲುಹಾಸಿನ ಹುಲ್ಲುಗಳನ್ನು ಬೆಚ್ಚನೆಯ ಹವೆಯವು, ತಂಪು ಹವೆಯವು ಎಂದು ಎರಡು ಬಳಗಗಳಾಗಿ ವಿಂಗಡಿಸುತ್ತಾರೆ. ಬೆಚ್ಚನೆಯ ಹವೆಯ ಹುಲ್ಲುಗಳು ಸುಮಾರು 27ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹುಲುಸಾಗಿ ಬೆಳೆಯುತ್ತವೆ. ತಂಪು ಹವೆಯವಕ್ಕೆ 15ರಿಂದ 24 ಡಿಗ್ರಿ ಹಿತ. ಈ ವ್ಯತ್ಯಾಸದ ಮೂಲ ಅವು ಇಂಗಾಲದ ಡೈಆಕ್ಸೈಡನ್ನು ಹಿಡಿದಿಡುವ ಕ್ರಮದಲ್ಲಿದೆ. ಮೊದಲ ಬಳಗದ ಹುಲ್ಲುಗಳು ಆ ಅನಿಲವನ್ನು ಎಲೆಯೊಳಗಿನ ವಿಶೇಷ ಕೋಶಗಳಲ್ಲಿ ಸಾಂದ್ರಗೊಳಿಸಿ ಬಳಸುವುದರಿಂದ ಸುಡುಬಿಸಿಲಿನಲ್ಲೂ ಕಡಿಮೆ ನೀರು ವ್ಯಯಿಸಿ ಆಹಾರ ತಯಾರಿಸಬಲ್ಲವು. ಎರಡನೆಯ ಬಳಗಕ್ಕೆ ಆ ಏರ್ಪಾಡಿಲ್ಲ. ಬಿಸಿ ಏರಿದಂತೆ ಅವುಗಳ ದುಡಿಮೆ ವ್ಯರ್ಥವಾಗುತ್ತಾ ಹೋಗಿ, ಬೇರು ಗಿಡ್ಡವಾಗಿ, ರೋಗ ಹತ್ತುತ್ತದೆ. ಅದೇ ಚಳಿಯಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ: ಮಣ್ಣಿನ ಉಷ್ಣತೆ 10 ಡಿಗ್ರಿಯ ಹತ್ತಿರಕ್ಕೆ ಇಳಿದಾಗ ಬೆಚ್ಚನೆಯ ಹವೆಯ ಹುಲ್ಲುಗಳು ಹಸುರು ಕಳೆದುಕೊಂಡು ನಿದ್ರೆಗೆ ಜಾರುತ್ತವೆ, ತಂಪು ಹವೆಯವು ಹಸುರಾಗಿಯೇ ಇರುತ್ತವೆ.

ವರ್ಷದ ಬಹುಪಾಲು ದಿನಗಳಲ್ಲಿ ಹಗಲಿನ ಉಷ್ಣತೆ 25 ಡಿಗ್ರಿಯನ್ನು ದಾಟುವ ಕಡೆ ಇರುವವರು ಬೆಚ್ಚನೆಯ ಬಳಗದಲ್ಲೇ ಹುಡುಕಬೇಕು. ಹಿಮ ಬೀಳುವ, ಬೇಸಿಗೆ ಸೌಮ್ಯವಾಗಿರುವ ಕಡೆ ಇರುವವರಿಗೆ ತಂಪು ಬಳಗವೇ ಆಶ್ರಯ. ಕಡುಚಳಿ ಮತ್ತು ಕಡುಬೇಸಿಗೆ ಎರಡೂ ಇರುವ ನಡುವಣ ಪ್ರದೇಶಗಳಲ್ಲಿ ಆಯ್ಕೆ ನಿಜಕ್ಕೂ ಕಷ್ಟ. ಚಳಿಯನ್ನು ತಾಳುವ ಜೋಯ್ಸಿಯಾ ಅಥವಾ ಸೆಕೆಯನ್ನು ತಾಳುವ ಟಾಲ್ ಫೆಸ್ಕ್ಯೂ, ಈ ಎರಡರಲ್ಲಿ ಒಂದು ಅಲ್ಲಿ ಸಾಮಾನ್ಯವಾಗಿ ಕೈಹಿಡಿಯುತ್ತದೆ.

ಮೂರನೆಯ ಹೆಜ್ಜೆ: ಮಣ್ಣು ಮತ್ತು ನೀರು

ಒಂದು ಗಾಜಿನ ಭರಣಿಯ ಮೂರನೆಯ ಒಂದು ಭಾಗಕ್ಕೆ ಮಣ್ಣು ತುಂಬಿ, ಉಳಿದ ಭಾಗಕ್ಕೆ ನೀರು ಹಾಕಿ, ಚಿಟಿಕೆಯಷ್ಟು ಸೋಪಿನ ಪುಡಿ ಸೇರಿಸಿ ಚೆನ್ನಾಗಿ ಕುಲುಕಿ ಅಲುಗಾಡದಂತೆ ಇಡಿ. ಮರಳು ಒಂದೆರಡು ನಿಮಿಷಗಳಲ್ಲೇ ತಳ ಸೇರುತ್ತದೆ, ನುಣುಪಾದ ಹೂಳು ಕೆಲವು ತಾಸುಗಳಲ್ಲಿ ಕೂರುತ್ತದೆ, ಜೇಡಿ ಕೂರಲು ಒಂದೆರಡು ದಿನವೇ ಬೇಕು. ಪದರಗಳ ದಪ್ಪವನ್ನು ನೋಡಿದರೆ ನಿಮ್ಮದು ಮರಳು ಮಣ್ಣೋ ಜೇಡಿ ಮಣ್ಣೋ ಎಂಬುದು ತಿಳಿಯುತ್ತದೆ. ಮರಳು ಮಣ್ಣು ನೀರನ್ನೂ ಗೊಬ್ಬರವನ್ನೂ ಹಿಡಿದಿಡದು. ಜೇಡಿ ಮಣ್ಣು ಎರಡನ್ನೂ ಹಿಡಿದಿಟ್ಟರೂ ಓಡಾಟಕ್ಕೆ ಗಟ್ಟಿಯಾಗಿ ಬೇರಿಗೆ ಗಾಳಿ ಸಿಗದಂತೆ ಮಾಡುತ್ತದೆ.

ಇನ್ನೊಂದು ಪರೀಕ್ಷೆ ನೀರು ಬಸಿಯುವುದರದ್ದು. 30 ಸೆಂಟಿಮೀಟರ್ ಆಳದ ಗುಂಡಿ ತೋಡಿ ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ, ತಾಸಿಗೆ ಎಷ್ಟು ಇಳಿಯುತ್ತದೆ ಎಂದು ಕಡ್ಡಿಯಿಂದ ಅಳೆಯಿರಿ. ಎರಡೂವರೆ ಸೆಂಟಿಮೀಟರಿಗಿಂತ ಕಡಿಮೆ ಇಳಿದರೆ ಅದು ನೀರು ನಿಲ್ಲುವ ಜಾಗ. ಗುಂಡಿ ತೋಡುವಾಗಲೇ ಇಟ್ಟಿಗೆ ಚೂರು, ಗಾರೆ, ಸಿಮೆಂಟಿನ ಹೆಂಟೆ ಸಿಕ್ಕರೆ, ಮನೆ ಕಟ್ಟಿದವರು ಕಸವನ್ನು ಅಲ್ಲೇ ಹೂತಿದ್ದಾರೆ ಎಂದರ್ಥ. ಅದನ್ನು ತೆಗೆದು ಕನಿಷ್ಠ 15 ಸೆಂಟಿಮೀಟರ್ ಒಳ್ಳೆಯ ಮಣ್ಣು ತುಂಬುವವರೆಗೆ ಯಾವ ಹುಲ್ಲನ್ನು ಆರಿಸಿದರೂ ಪ್ರಯೋಜನವಿಲ್ಲ.

ಮಣ್ಣಿನ ಪಿಎಚ್ 6ರಿಂದ 7ರೊಳಗೆ ಇದ್ದರೆ ಬಹುತೇಕ ಹುಲ್ಲುಗಳಿಗೆ ಒಗ್ಗುತ್ತದೆ. ಅದಕ್ಕಿಂತ ಹುಳಿಯಾದ ಮಣ್ಣಿನಲ್ಲಿ ಕಾರ್ಪೆಟ್ ಹುಲ್ಲು ಮತ್ತು ಸೆಂಟಿಪೀಡ್ ಹುಲ್ಲು ನೆಮ್ಮದಿಯಾಗಿರುತ್ತವೆ. ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಇವೆರಡಕ್ಕೂ ಕಬ್ಬಿಣಾಂಶ ದಕ್ಕದೆ ಎಲೆ ಬಿಳಿಚಿಕೊಳ್ಳುತ್ತದೆ, ಗರಿಕೆ ಮಾತ್ರ ಅಲ್ಲೂ ನಿಭಾಯಿಸುತ್ತದೆ. ಮಣ್ಣು ಪರೀಕ್ಷೆ ಮಾಡಿಸುವುದು ದೊಡ್ಡ ಕೆಲಸವಲ್ಲ, ತಪ್ಪದೆ ಮಾಡಿಸಿ.

ನೀರಿನ ಲೆಕ್ಕವನ್ನು ಬಹಳ ಮಂದಿ ಹುಲ್ಲು ನೆಟ್ಟ ಮೇಲೆ ಹಾಕುತ್ತಾರೆ. ಅದನ್ನು ಈಗಲೇ ಹಾಕಬೇಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಬೆಳೆಯುವ ಋತುವಿನಲ್ಲಿ ಹುಲ್ಲುಹಾಸಿಗೆ ಮಳೆಯೂ ಸೇರಿ ವಾರಕ್ಕೆ ಸುಮಾರು 25 ಮಿಲಿಮೀಟರ್ ನೀರು ಬೇಕೆಂದು ಹಿಡಿದರೆ, 100 ಚದರ ಮೀಟರ್ ಅಂಗಳಕ್ಕೆ ಮಳೆಯಿಲ್ಲದ ಪ್ರತಿ ವಾರವೂ 2,500 ಲೀಟರ್ ಬೇಕಾಗುತ್ತದೆ. ಕಡುಬೇಸಿಗೆಯಲ್ಲಿ ಇದು ಇನ್ನೂ ಏರುತ್ತದೆ. ಈ ನೀರು ನಿಮ್ಮ ಬಳಿ ಒಣ ತಿಂಗಳುಗಳಲ್ಲೂ ಇರುತ್ತದೆಯೇ ಎಂದು ಪ್ರಾಮಾಣಿಕವಾಗಿ ಯೋಚಿಸಿ. ಇಲ್ಲವೆಂದಾದರೆ ಎರಡು ದಾರಿಗಳಿವೆ: ಹುಲ್ಲುಹಾಸಿನ ವಿಸ್ತಾರವನ್ನೇ ಮೂರನೆಯ ಒಂದು ಭಾಗಕ್ಕೆ ಇಳಿಸುವುದು, ಅಥವಾ ನೀರಿಲ್ಲದಾಗ ಒಣಗಿದಂತೆ ಮಲಗಿ ಮಳೆಗೆ ಮತ್ತೆ ಚಿಗುರುವ ಗರಿಕೆಯಂಥ ಹುಲ್ಲನ್ನು ಆರಿಸಿ ಆ ಕಂದು ಬಣ್ಣವನ್ನು ಕೆಲವು ವಾರ ಒಪ್ಪಿಕೊಳ್ಳುವುದು. ನೀರಿನಲ್ಲಿ ಉಪ್ಪಿನಂಶ ಇದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ, ಆಯ್ಕೆಯನ್ನು ಅದೊಂದೇ ನಿರ್ಧರಿಸಿಬಿಡಬಹುದು.

ನಾಲ್ಕನೆಯ ಹೆಜ್ಜೆ: ಬಳಕೆ ಮತ್ತು ಬಿಡುವು

ಮಕ್ಕಳು ದಿನವೂ ಓಡಿ ಆಡುವ ಅಂಗಳಕ್ಕೆ ಬೇಕಾದ ಗುಣ ತುಳಿತವನ್ನು ತಾಳುವುದಷ್ಟೇ ಅಲ್ಲ, ತುಳಿದು ಬೋಳಾದ ಜಾಗವನ್ನು ತಾನೇ ಮುಚ್ಚಿಕೊಳ್ಳುವುದು ಕೂಡ. ನೆಲದ ಮೇಲೆ ಹರಿಯುವ ಕಾಂಡ ಮತ್ತು ನೆಲದೊಳಗೆ ಹರಿಯುವ ಕಾಂಡ ಎರಡೂ ಇರುವ ಹುಲ್ಲುಗಳು ಈ ಕೆಲಸದಲ್ಲಿ ಮುಂದು. ಗುಂಪು ಗುಂಪಾಗಿ ಬುಡ ಕಟ್ಟುವ ಹುಲ್ಲುಗಳು ಹಿಂದು. ನಾಯಿ ಸಾಕಿದವರಿಗೂ ಇದೇ ಮಾತು ಸಲ್ಲುತ್ತದೆ. ನಾಯಿಯ ಮೂತ್ರದಲ್ಲಿರುವ ಸಾರಜನಕ ಮತ್ತು ಲವಣ ಯಾವ ಹುಲ್ಲನ್ನಾದರೂ ಸುಡುತ್ತದೆ, ಆ ಕಲೆ ಎಷ್ಟು ಬೇಗ ಮುಚ್ಚಿಕೊಳ್ಳುತ್ತದೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಮನೆಯಲ್ಲಿ ಪರಾಗದ ಅಲರ್ಜಿ ಇರುವವರಿದ್ದರೆ, ಗರಿಕೆಯ ಪರಾಗ ಆ ವಿಷಯದಲ್ಲಿ ಹೆಸರಾದದ್ದು ಎಂಬುದನ್ನು ತಿಳಿದಿರಿ. ಹೂಗೊಂಚಲು ಮೇಲೇಳುವ ಮುನ್ನವೇ ಕತ್ತರಿಸುವ ಶಿಸ್ತು ಇಲ್ಲದಿದ್ದರೆ ಬೇರೆ ಹುಲ್ಲನ್ನು ನೋಡುವುದು ಲೇಸು.

ಬಿಡುವಿನ ಪ್ರಶ್ನೆ ಇನ್ನೂ ಮುಖ್ಯ. ಒಮ್ಮೆ ಕತ್ತರಿಸುವಾಗ ಎಲೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು ಎಂಬುದು ಎಲ್ಲ ಹುಲ್ಲುಗಳಿಗೂ ಅನ್ವಯಿಸುವ ನಿಯಮ. ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಿ: 2 ಸೆಂಟಿಮೀಟರ್ ಎತ್ತರದಲ್ಲಿ ಇಡಬೇಕಾದ ಹುಲ್ಲನ್ನು 3 ಸೆಂಟಿಮೀಟರ್ ಆಗುತ್ತಲೇ ಕತ್ತರಿಸಬೇಕು, ಎಂದರೆ ಬೆಳೆಯುವ ಕಾಲದಲ್ಲಿ ವಾರಕ್ಕೆ ಎರಡು ಬಾರಿ, 8 ಸೆಂಟಿಮೀಟರ್ ಎತ್ತರದಲ್ಲಿ ಇಡುವ ಹುಲ್ಲು 12 ಸೆಂಟಿಮೀಟರ್ ತಲುಪುವವರೆಗೆ ಕಾಯಬಹುದು. ಗಿಡ್ಡಗೆ ಕತ್ತರಿಸಿದ ನುಣುಪು ಹಾಸನ್ನು ಬಯಸುವವರು ಈ ದುಡಿಮೆಯನ್ನೂ ಬಯಸಿದಂತೆಯೇ. ಮೇಲಿನ ಎಲೆಯ ಎತ್ತರಕ್ಕೂ ಕೆಳಗಿನ ಬೇರಿನ ಆಳಕ್ಕೂ ಸಂಬಂಧವಿರುವುದರಿಂದ, ಎತ್ತರದಲ್ಲಿ ಇಡುವ ಹುಲ್ಲು ಬರವನ್ನೂ ಚೆನ್ನಾಗಿ ತಾಳುತ್ತದೆ. ವಾರಕ್ಕೊಮ್ಮೆ ಕೂಡ ಕತ್ತರಿಸಲು ಸಮಯ ಸಿಗದವರು ನಿಧಾನವಾಗಿ ಬೆಳೆಯುವ ಹುಲ್ಲನ್ನು ಹುಡುಕಬೇಕು.

ಐದನೆಯ ಹೆಜ್ಜೆ: ಉಳಿದ ಹೆಸರುಗಳನ್ನು ಹತ್ತಿರದಿಂದ ನೋಡುವುದು

ಬಯಲು ಬಿಸಿಲು, ಓಡಾಟ, ನೀರಿನ ಅಭಾವ ಮೂರೂ ಇರುವ ಕಡೆ ಗರಿಕೆಗೆ, ಅಂದರೆ ಬರ್ಮುಡಾ ಹುಲ್ಲಿಗೆ, ಸರಿಸಾಟಿಯಿಲ್ಲ. ನೆಲದ ಮೇಲೂ ಒಳಗೂ ಕಾಂಡ ಹರಿಸುವ ಇದು ಗಾಯವನ್ನು ವಾರಗಳಲ್ಲೇ ಮುಚ್ಚಿಕೊಳ್ಳುತ್ತದೆ. ಸಾಮಾನ್ಯ ಗರಿಕೆಯನ್ನು ಬೀಜದಿಂದ ಬೆಳೆಸಬಹುದು, 2.5ರಿಂದ 5 ಸೆಂಟಿಮೀಟರ್ ಎತ್ತರದಲ್ಲಿ ಇಡಬಹುದು. ಮಿಶ್ರತಳಿಗಳ ಎಲೆ ಇನ್ನೂ ನಯ, ಹಾಸು ಇನ್ನೂ ದಟ್ಟ. ಆದರೆ ಅವಕ್ಕೆ ಸಾರಜನಕವೂ ಕತ್ತರಿಯೂ ಹೆಚ್ಚು ಬೇಕು. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್‌ನಲ್ಲಿ ಗ್ಲೆನ್ ಬರ್ಟನ್ ಅಭಿವೃದ್ಧಿಪಡಿಸಿ 1960ರಲ್ಲಿ ಬಿಡುಗಡೆಯಾದ ಟಿಫ್‌ವೇ ಇಂಥ ಒಂದು ತಳಿ, ಆಟದ ಮೈದಾನಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ಇದು ಎರಡು ಜಾತಿಗಳ ಸಂಕರದಿಂದ ಹುಟ್ಟಿದ್ದರಿಂದ ಮೊಳೆಯುವ ಬೀಜ ಕಟ್ಟುವುದಿಲ್ಲ. ಕಾಂಡದ ತುಂಡಿನಿಂದಲೋ ಹಾಸಿನಿಂದಲೋ ಮಾತ್ರ ಬೆಳೆಸಬೇಕು. ಟಿಫ್‌ವೇ ಬೀಜ ಎಂದು ಯಾರಾದರೂ ಪೊಟ್ಟಣ ಕೊಟ್ಟರೆ ಅದರಲ್ಲಿರುವುದು ಬೇರೇನೋ ಎಂದು ತಿಳಿಯಿರಿ. ಗರಿಕೆಯ ದೋಷವೂ ಅದರ ಬಲದಲ್ಲೇ ಇದೆ: ಹೂವಿನ ಪಾತಿಯೊಳಗೆ ನುಗ್ಗುತ್ತದೆ, ಕಿತ್ತರೆ ನೆಲದೊಳಗೆ ಉಳಿದ ತುಂಡು ಮತ್ತೆ ಚಿಗುರುತ್ತದೆ. ಪಾತಿಗಳ ಅಂಚಿಗೆ ಕನಿಷ್ಠ 15 ಸೆಂಟಿಮೀಟರ್ ಆಳದ ತಡೆಯನ್ನು ಹೂಳದೆ ಇದನ್ನು ನೆಡಬೇಡಿ.

ಜೋಯ್ಸಿಯಾ ಬಳಗದಲ್ಲಿ ಮೂರು ಹುಲ್ಲುಗಳನ್ನು ಬೇರೆಬೇರೆಯಾಗಿ ನೋಡಬೇಕು. ಜೋಯ್ಸಿಯಾ ಜಪಾನಿಕಾದ ಎಲೆ ಸ್ವಲ್ಪ ಒರಟು, ಚಳಿಯನ್ನು ತಾಳುವುದರಲ್ಲಿ ಮುಂದು. 1951ರಲ್ಲಿ ಬಿಡುಗಡೆಯಾದ ಮೇಯರ್ ತಳಿ ಇದಕ್ಕೆ ಸೇರಿದ್ದು. ಮನಿಲಾ ಹುಲ್ಲೆಂದು ಕರೆಯುವ ಜೋಯ್ಸಿಯಾ ಮ್ಯಾಟ್ರೆಲ್ಲಾ ನಯವಾದ ಎಲೆಯದು, ನಾಲ್ಕೈದು ತಾಸಿನ ಬಿಸಿಲಿನಲ್ಲೂ ನಿಭಾಯಿಸಿಕೊಳ್ಳುತ್ತದೆ. ಮೂರನೆಯದು ಕೊರಿಯನ್ ಹುಲ್ಲೆಂಬ ಹೆಸರಿನಲ್ಲಿ ಮಾರುವ ಜೋಯ್ಸಿಯಾ ಟೆನ್ಯುಫೋಲಿಯಾ. ಸೂಜಿಯಂಥ ಎಲೆ, ಬಿಟ್ಟರೆ ಮೆತ್ತನೆಯ ದಿಬ್ಬಗಳಾಗಿ ಉಬ್ಬಿಕೊಳ್ಳುವ ಸ್ವಭಾವ. ನೋಡಲು ಇದು ಬಲು ಸೊಗಸು, ಅದರಿಂದಲೇ ಬಹಳ ಮಂದಿ ಮೊದಲ ನೋಟಕ್ಕೆ ಇದನ್ನು ಒಪ್ಪಿಬಿಡುತ್ತಾರೆ. ಆದರೆ ದಿಬ್ಬವಾದ ಮೇಲೆ ಯಂತ್ರ ಹಾಯಿಸಿದರೆ ಮೇಲಿನ ಹಸುರು ಹೋಗಿ ಒಳಗಿನ ಒಣ ಕಂದು ಹೊರಬೀಳುತ್ತದೆ, ತುಳಿದು ಸವೆದ ದಾರಿ ಬೇಗ ಮುಚ್ಚಿಕೊಳ್ಳದು. ಮಕ್ಕಳು ಆಡುವ ಅಂಗಳಕ್ಕೆ ಇದನ್ನು ನಾನು ಸೂಚಿಸಲಾರೆ. ಹಾಸುಗಲ್ಲುಗಳ ನಡುವೆ, ಬಿಸಿಲಿನ ಇಳಿಜಾರಿನಲ್ಲಿ, ನಡೆದಾಡದೆ ನೋಡಿ ಸಂತೋಷಪಡುವ ಜಾಗದಲ್ಲಿ ಅದು ಶೋಭಿಸುತ್ತದೆ. ಮೂರೂ ನಿಧಾನವಾಗಿ ಹಬ್ಬುವಂಥವು. ಒಂದು ಗೇಣು ಅಂತರದಲ್ಲಿ ನೆಟ್ಟ ಕೊನರುಗಳು ಕೂಡಿಕೊಳ್ಳಲು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ, ಅಲ್ಲಿಯವರೆಗೆ ಕಳೆ ಕೀಳುವ ತಾಳ್ಮೆ ಇರಬೇಕು. ಒಮ್ಮೆ ಕೂಡಿಕೊಂಡ ಮೇಲೆ ಕಳೆಗೆ ಜಾಗವೇ ಸಿಗದಷ್ಟು ದಟ್ಟವಾಗುತ್ತವೆ.

ಅರೆನೆರಳಿನ ಅಂಗಳಕ್ಕೆ ಬೆಚ್ಚನೆಯ ಬಳಗದಲ್ಲಿ ಮೊದಲು ನೆನಪಿಸಿಕೊಳ್ಳಬೇಕಾದದ್ದು ಸೇಂಟ್ ಆಗಸ್ಟೀನ್ ಹುಲ್ಲು. ಎಲೆ ಅಗಲ, ಕಾಂಡ ದಪ್ಪ, 6ರಿಂದ 10 ಸೆಂಟಿಮೀಟರ್ ಎತ್ತರದಲ್ಲಿ ಇಡಬೇಕು, ಸಮುದ್ರದ ಉಪ್ಪುಗಾಳಿಗೆ ಅಂಜದು. ನೆಲದ ಮೇಲೆ ಮಾತ್ರ ಕಾಂಡ ಹರಿಸುವುದರಿಂದ ವಿಪರೀತ ತುಳಿತವನ್ನು ತಾಳಲಾರದು, ನೀರನ್ನೂ ಹೆಚ್ಚು ಕೇಳುತ್ತದೆ. ಹುಲ್ಲಿನ ಜಾತಿ ತಿಳಿದರೆ ಸಾಲದು, ತಳಿಯನ್ನೂ ಕೇಳಬೇಕು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ: 1973ರಲ್ಲಿ ಬಿಡುಗಡೆಯಾದ ಫ್ಲೋರಾಟಾಮ್ ಎಂಬ ಜನಪ್ರಿಯ ತಳಿ ಇದೇ ಜಾತಿಗೆ ಸೇರಿದ್ದರೂ ನೆರಳನ್ನು ಅಷ್ಟಾಗಿ ಸಹಿಸುವುದಿಲ್ಲ.

ನೆರಳು ಮತ್ತು ತೇವ ಎರಡೂ ಇರುವ, ಹುಳಿ ಮಣ್ಣಿನ, ಮಳೆ ಧಾರಾಳವಾಗಿ ಬೀಳುವ ಜಾಗಕ್ಕೆ ಅಗಲ ಎಲೆಯ ಕಾರ್ಪೆಟ್ ಹುಲ್ಲು ಸೂಕ್ತ. ಹೆಚ್ಚು ಗೊಬ್ಬರ ಕೇಳದು. ಅದರ ಬೇರು ಮೇಲ್ಪದರದಲ್ಲೇ ಇರುವುದರಿಂದ ಬರವನ್ನು ತಾಳುವ ಶಕ್ತಿ ಇಲ್ಲ. ಒಣ ಹವೆಯ ಕಡೆ ಇದನ್ನು ಹಸುರಾಗಿ ಉಳಿಸಿಕೊಳ್ಳುವುದು ದಿನವೂ ನೀರು ಹಾಯಿಸುವವರಿಗೆ ಮಾತ್ರ ಸಾಧ್ಯ.

ಸೆಂಟಿಪೀಡ್ ಹುಲ್ಲು ಚೀನಾ ಮೂಲದ್ದು. 1916ರಲ್ಲಿ ಸಸ್ಯಾನ್ವೇಷಕ ಫ್ರಾಂಕ್ ಮೇಯರ್ ಸಂಗ್ರಹಿಸಿದ ಬೀಜಗಳ ಮೂಲಕ ಅಮೆರಿಕಕ್ಕೆ ಹೋಯಿತು. ಬಡ ಹುಳಿ ಮಣ್ಣಿನಲ್ಲಿ ನಿಧಾನವಾಗಿ, ಸದ್ದಿಲ್ಲದೆ ಬೆಳೆಯುವ ಇದು ಬಿಡುವಿಲ್ಲದವರ ಹುಲ್ಲು. ಪ್ರೀತಿಯಿಂದ ಗೊಬ್ಬರ ಹೆಚ್ಚು ಕೊಟ್ಟರೆ ಕೆಡುತ್ತದೆ: ವರ್ಷಕ್ಕೆ ಚದರ ಮೀಟರಿಗೆ 5ರಿಂದ 10 ಗ್ರಾಂ ಸಾರಜನಕ ಇದಕ್ಕೆ ಸಾಕು, ಗರಿಕೆಯ ಮಿಶ್ರತಳಿಗಳು ಅದರ ಎರಡರಷ್ಟನ್ನು ಸುಲಭವಾಗಿ ಉಣ್ಣುತ್ತವೆ.

ನೀರಿನಲ್ಲಿ ಉಪ್ಪಿದ್ದರೆ ಕಡಲತೀರದ ಪ್ಯಾಸ್ಪಲಂ ಹುಲ್ಲನ್ನು ನೋಡಿ. ಬೇರೆ ಹುಲ್ಲುಗಳು ಸುಟ್ಟುಹೋಗುವಷ್ಟು ಉಪ್ಪನ್ನು ಅದು ತಾಳುತ್ತದೆ. ಅದೇ ಕುಲದ ಬಹಿಯಾ ಹುಲ್ಲಿನ ಬೇರು ಆಳಕ್ಕಿಳಿಯುವುದರಿಂದ ಮರಳು ಮಣ್ಣಿಗೂ ಸವೆಯುವ ಇಳಿಜಾರಿಗೂ ಒಳ್ಳೆಯದು, ಆದರೆ ಬೇಸಿಗೆಯುದ್ದಕ್ಕೂ ಎತ್ತರದ ಕವಲು ಹೂಗೊಂಚಲುಗಳನ್ನು ಎಬ್ಬಿಸುತ್ತಿರುತ್ತದೆ. ಪೂರ್ವ ಆಫ್ರಿಕಾದ ಎತ್ತರದ ಪ್ರದೇಶಗಳಿಂದ ಬಂದ ಕಿಕುಯು ಹುಲ್ಲಿನ ವಿಷಯದಲ್ಲಿ ನನ್ನ ಸಲಹೆ ದೂರವಿರಿ ಎಂಬುದೇ. ಬೇಲಿ ದಾಟಿ ನೆರೆಯವರ ನೆಲವನ್ನೂ ಆಕ್ರಮಿಸುವ ಇದನ್ನು ಅಮೆರಿಕದ ಒಕ್ಕೂಟ ಸರ್ಕಾರ ಹಾನಿಕಾರಕ ಕಳೆಗಳ ಪಟ್ಟಿಗೆ ಸೇರಿಸಿದೆ.

ತಂಪು ಹವೆಯ ಕಡೆ ಒಂದೇ ಹುಲ್ಲನ್ನು ಬಿತ್ತುವುದಕ್ಕಿಂತ ಮಿಶ್ರಣ ಬಿತ್ತುವುದು ವಾಡಿಕೆ, ಅದಕ್ಕೆ ಸರಿಯಾದ ಕಾರಣವೂ ಇದೆ. ಬಹುವಾರ್ಷಿಕ ರೈಗ್ರಾಸ್ ಐದರಿಂದ ಹತ್ತು ದಿನಗಳಲ್ಲಿ ಮೊಳೆತು ಮಣ್ಣನ್ನು ಹಿಡಿಯುತ್ತದೆ. ಕೆಂಟಕಿ ಬ್ಲೂಗ್ರಾಸ್ ಮೊಳೆಯಲು ಎರಡರಿಂದ ನಾಲ್ಕು ವಾರ ಹಿಡಿದರೂ ನೆಲದೊಳಗೆ ಕಾಂಡ ಹರಿಸಿ ಮುಂದಿನ ವರ್ಷಗಳಲ್ಲಿ ಬೋಳು ಜಾಗಗಳನ್ನು ಮುಚ್ಚುತ್ತದೆ. ನವಿರು ಎಲೆಯ ಫೆಸ್ಕ್ಯೂಗಳು ನೆರಳಿನ ಮೂಲೆಗಳನ್ನು ನೋಡಿಕೊಳ್ಳುತ್ತವೆ. ಟಾಲ್ ಫೆಸ್ಕ್ಯೂ ಆಳವಾದ ಬೇರಿನಿಂದಾಗಿ ಈ ಬಳಗದಲ್ಲೇ ಸೆಕೆ ಮತ್ತು ಬರವನ್ನು ಹೆಚ್ಚು ತಾಳುವಂಥದ್ದು, ಆದರೆ ಬುಡ ಕಟ್ಟುವ ಸ್ವಭಾವದ್ದಾದ್ದರಿಂದ ಖಾಲಿಯಾದ ಜಾಗಕ್ಕೆ ಮತ್ತೆ ಬೀಜ ಹಾಕಬೇಕಾಗುತ್ತದೆ. ಬೆಚ್ಚನೆಯ ಹವೆಯ ಹುಲ್ಲುಗಳನ್ನು ಹೀಗೆ ಬೆರೆಸಬಾರದು. ಎಲೆಯ ಅಗಲ, ಬಣ್ಣ, ವೇಗ ಬೇರೆಬೇರೆಯಾಗಿ ಹಾಸು ತೇಪೆ ಹಾಕಿದಂತೆ ಕಾಣುತ್ತದೆ, ಕೊನೆಗೆ ಬಲವಾದದ್ದು ಉಳಿದದ್ದನ್ನು ನುಂಗುತ್ತದೆ.

ಆರನೆಯ ಹೆಜ್ಜೆ: ಹೆಸರನ್ನೂ ಬೀಜದ ಚೀಟಿಯನ್ನೂ ಓದುವುದು

ಕೊಳ್ಳುವಾಗ ವೈಜ್ಞಾನಿಕ ಹೆಸರನ್ನೇ ಕೇಳಿ. ಆಸ್ಟ್ರೇಲಿಯಾದಲ್ಲಿ ಬಫಲೊ ಹುಲ್ಲು ಎನ್ನುವುದು ಅಗಲ ಎಲೆಯ ಸೇಂಟ್ ಆಗಸ್ಟೀನನ್ನು, ಅಂದರೆ ಸ್ಟೆನೊಟಾಫ್ರಮ್ ಸೆಕುಂಡೇಟಮ್ ಅನ್ನು. ಉತ್ತರ ಅಮೆರಿಕದಲ್ಲಿ ಅದೇ ಹೆಸರಿನಿಂದ ಕರೆಯುವುದು ಅಲ್ಲಿನ ಒಣ ಬಯಲಿನ, ನೆರಳನ್ನು ಸಹಿಸದ ಬೇರೊಂದು ಹುಲ್ಲನ್ನು. ಹೆಸರನ್ನು ನಂಬಿ ತಂದವರು ನೆರಳಿನ ಅಂಗಳಕ್ಕೆ ಬಯಲಿನ ಹುಲ್ಲನ್ನು ನೆಟ್ಟಂತಾಗುತ್ತದೆ.

ಬೀಜದ ಪೊಟ್ಟಣದ ಮೇಲೆ ಶುದ್ಧತೆ, ಮೊಳಕೆಯ ಪ್ರಮಾಣ, ಕಳೆಬೀಜದ ಪ್ರಮಾಣ, ಪರೀಕ್ಷೆಯ ದಿನಾಂಕ ಇವು ಇರಬೇಕು. ಶುದ್ಧತೆಯನ್ನೂ ಮೊಳಕೆಯ ಪ್ರಮಾಣವನ್ನೂ ಗುಣಿಸಿದರೆ ನಿಜವಾಗಿ ಹುಟ್ಟಬಲ್ಲ ಬೀಜ ಎಷ್ಟೆಂದು ತಿಳಿಯುತ್ತದೆ: ಶೇಕಡಾ 98 ಶುದ್ಧತೆ, ಶೇಕಡಾ 85 ಮೊಳಕೆ ಇದ್ದರೆ ಹುಟ್ಟುವುದು ಸುಮಾರು ಶೇಕಡಾ 83. ಗರಿಕೆಯ ಬೀಜ ತೀರ ಸಣ್ಣದು, ಚದರ ಮೀಟರಿಗೆ 5ರಿಂದ 10 ಗ್ರಾಂ ಸಾಕು. ಟಾಲ್ ಫೆಸ್ಕ್ಯೂ ಬೀಜ ದಪ್ಪ, ಹಬ್ಬುವ ಗುಣವೂ ಇಲ್ಲ, ಅದಕ್ಕೆ 30ರಿಂದ 40 ಗ್ರಾಂ ಬೇಕು. ಹೀಗಾಗಿ ಎರಡರ ತೂಕವನ್ನು ಹೋಲಿಸಿ ಅಗ್ಗ ದುಬಾರಿ ಎನ್ನಲಾಗದು.

ಏಳನೆಯ ಹೆಜ್ಜೆ: ಸಣ್ಣ ತುಂಡಿನಲ್ಲಿ ಪರೀಕ್ಷೆ

ಉಳಿದ ಎರಡು ಮೂರು ಹುಲ್ಲುಗಳಲ್ಲಿ ಯಾವುದೆಂದು ತೀರ್ಮಾನವಾಗದಿದ್ದರೆ ಅಂಗಳಕ್ಕೇ ಆ ತೀರ್ಮಾನವನ್ನು ಬಿಡಿ. ಅತಿ ಕಷ್ಟದ ಮೂಲೆಯಲ್ಲಿ, ಅಂದರೆ ನೆರಳೋ ಗಟ್ಟಿನೆಲವೋ ಇರುವ ಕಡೆ, ಒಂದೊಂದು ಚದರ ಮೀಟರ್ ಅಳತೆಯ ತುಂಡುಗಳಲ್ಲಿ ಒಂದೊಂದನ್ನು ನೆಟ್ಟು, ಒಂದು ಒಣ ಋತುವೂ ಒಂದು ತೇವದ ಋತುವೂ ಕಳೆಯುವವರೆಗೆ ಒಂದೇ ರೀತಿ ಆರೈಕೆ ಮಾಡಿ. ಸಂಜೆ ಅದರ ಮೇಲೆ ನಡೆದು ಹಿಂದಿರುಗಿ ನೋಡಿ: ಹೆಜ್ಜೆಯ ಗುರುತು ಬೇಗ ಮಾಯವಾದರೆ ಹುಲ್ಲಿನಲ್ಲಿ ನೀರು ಸಾಕಷ್ಟಿದೆ, ಎಲೆಗಳು ಒತ್ತಿದಂತೆಯೇ ಉಳಿದು, ನೀಲಿ ಬೂದು ಛಾಯೆ ತಳೆದಿದ್ದರೆ ಅದು ಬಾಯಾರಿದೆ. ನೀರು ಕೊಟ್ಟ ಎಷ್ಟು ದಿನಗಳ ನಂತರ ಯಾವ ತುಂಡಿನಲ್ಲಿ ಈ ಗುರುತು ಕಾಣಿಸಿತು ಎಂದು ಬರೆದಿಡಿ. ಇನ್ನೊಂದು, ಬೆರಳುಗಳಿಂದ ಹುಲ್ಲನ್ನು ಬಿಡಿಸಿ ಬುಡದಲ್ಲಿ ಒಣ ಕಾಂಡ ಬೇರುಗಳ ಪದರ ಎಷ್ಟು ದಪ್ಪವಾಗಿದೆ ನೋಡಿ. ಅದು ಒಂದು ಸೆಂಟಿಮೀಟರನ್ನು ಬೇಗ ದಾಟುವ ಹುಲ್ಲಿಗೆ ಮುಂದೆ ಆಗಾಗ ಆ ಪದರವನ್ನು ಬಾಚಿ ತೆಗೆಯುವ ಕೆಲಸ ಇದ್ದೇ ಇರುತ್ತದೆ.

ಅಂಗಳದ ಎಲ್ಲ ಕಡೆಗೂ ಒಂದೇ ಹುಲ್ಲು ಇರಬೇಕೆಂಬ ಹಟ ಬೇಡ. ಬಿಸಿಲಿನ ಮುಂಭಾಗಕ್ಕೆ ಒಂದು, ಪಕ್ಕದ ಅರೆನೆರಳಿಗೆ ಇನ್ನೊಂದು, ನಡುವೆ ಕಲ್ಲು ಹಾಸಿದ ದಾರಿ ಎಂದು ವಿಂಗಡಿಸಿದರೆ ಎರಡೂ ತಮ್ಮ ತಮ್ಮ ಎಲ್ಲೆಯಲ್ಲಿ ಚೆನ್ನಾಗಿರುತ್ತವೆ.

ಕೊನೆಯ ಹೆಜ್ಜೆ: ತರುವ ರೂಪ ಮತ್ತು ಕಾಲ

ಬೀಜ, ಕಾಂಡದ ತುಂಡು, ಕೊನರಿನ ಗಡ್ಡೆ, ಸುರುಳಿ ಸುತ್ತಿದ ಹಾಸು ಎಂಬ ನಾಲ್ಕು ರೂಪಗಳಲ್ಲಿ ಹುಲ್ಲು ಸಿಗುತ್ತದೆ. ಹಾಸು ದುಬಾರಿಯಾದರೂ ಇಳಿಜಾರಿನಲ್ಲಿ ಮಣ್ಣು ಕೊಚ್ಚಿಹೋಗದಂತೆ ಅಂದೇ ಹಿಡಿದಿಡುತ್ತದೆ. ಸಮತಟ್ಟಾದ ನೆಲದಲ್ಲಿ, ಬೇಗ ಹಬ್ಬುವ ಹುಲ್ಲಿಗೆ, ಕಾಂಡದ ತುಂಡುಗಳೇ ಸಾಕು. ಬೆಚ್ಚನೆಯ ಹವೆಯ ಹುಲ್ಲನ್ನು ಚಳಿ ಮುಗಿದು ನೆಲ ಕಾದ ಮೇಲೆ, ಬೆಳೆಯಲು ಇನ್ನೂ ಎರಡು ಮೂರು ತಿಂಗಳ ಬೆಚ್ಚನೆ ದಿನಗಳು ಉಳಿದಿರುವಾಗ ನೆಡಬೇಕು. ತಂಪು ಹವೆಯದನ್ನು ಬೇಸಿಗೆ ಇಳಿದು ಚಳಿ ಇನ್ನೂ ಬಲಿಯದಿರುವ ಕಾಲದಲ್ಲಿ ಬಿತ್ತುವುದು ಉತ್ತಮ.

ಹಾಸನ್ನು ಕೊಳ್ಳುವುದಾದರೆ ಅಂಗಳದ ಅಳತೆಗಿಂತ ಶೇಕಡಾ 5ರಿಂದ 10ರಷ್ಟು ಹೆಚ್ಚು ತರಿಸಿ, ಅಂಚು ಮತ್ತು ತಿರುವುಗಳಲ್ಲಿ ಕತ್ತರಿಸಿ ಹೋಗುವುದು ಅಷ್ಟಿರುತ್ತದೆ. ಗಾಡಿಯಿಂದ ಇಳಿಸುವ ಮುನ್ನ ಒಂದೆರಡು ಸುರುಳಿಗಳನ್ನು ಬಿಚ್ಚಿ ಅಡಿಭಾಗವನ್ನು ನೋಡಿ: ಬೇರು ಬೆಳ್ಳಗೆ ಹೆಣೆದುಕೊಂಡಿರಬೇಕು, ಮಣ್ಣು ತೇವವಾಗಿರಬೇಕು. ಒಳಕ್ಕೆ ಕೈಯಿಟ್ಟಾಗ ಬಿಸಿ ತಾಗಿದರೆ, ಎಲೆ ಹಳದಿಯಾಗಿ ಹುಳಿವಾಸನೆ ಬರುತ್ತಿದ್ದರೆ, ಅದನ್ನು ಕತ್ತರಿಸಿ ಬಹಳ ಹೊತ್ತಾಗಿದೆ. ಅಂಥದ್ದನ್ನು ಹಿಂದಕ್ಕೆ ಕಳುಹಿಸಿ. ಸರಿಯಿದ್ದರೆ ಅದೇ ದಿನ ಹಾಸಿ, ಸಾಲುಗಳ ಸೇರುವೆಗಳು ಇಟ್ಟಿಗೆ ಕಟ್ಟಡದಲ್ಲಿರುವಂತೆ ಒಂದರ ಪಕ್ಕ ಒಂದು ಸರಿಹೊಂದದ ಹಾಗೆ ನೋಡಿಕೊಂಡು, ಅಡಿಯ ಮಣ್ಣು ನೆನೆಯುವಷ್ಟು ನೀರು ಹಾಯಿಸಿ. ಎರಡು ವಾರಗಳ ನಂತರ ಒಂದು ಮೂಲೆಯನ್ನು ಮೆಲ್ಲಗೆ ಎತ್ತಿ ನೋಡಿದಾಗ ಅದು ಏಳದೆ ನೆಲವನ್ನು ಹಿಡಿದುಕೊಂಡಿದ್ದರೆ ಮೊದಲ ಬಾರಿ ಕತ್ತರಿಸಬಹುದು.